ಸೋಮವಾರದ ಸೊನ್ನೆ

ನ್ಯಾಮತಿ ಬಸ್ ನಿಲ್ದಾಣದಿಂದ ನಮ್ಮ ಮನೆಗೆ ಹೋಗುವ ದಾರಿಯಲ್ಲಿ ಹೊಸದೊಂದು ಕಟ್ಟಡ ಏಳುತ್ತಿದೆ. ತಾಲ್ಲೂಕು ಕೇಂದ್ರವಾದ ಮೇಲೆ ನಮ್ಮೂರಿಗೆ ಕಟ್ಟುವ ಹುಚ್ಚು ಹತ್ತಿದೆ. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ. ಹೋದ ತಿಂಗಳು ಅವ್ವನನ್ನು ನೋಡಲು ಬಂದವಳು ಬ್ಯಾಗನ್ನು ಹೆಗಲಿಗೇರಿಸಿಕೊಂಡು ಅದರ ಮುಂದೆ ಹಾಯುವಾಗ ಒದ್ದೆ ಗೋಣಿಚೀಲದ, ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿಯಿತು. ಕಂಬಗಳಿಗೆ ಗೋಣಿಚೀಲ ಸುತ್ತಿ ನೀರು ಹೊಡೆದಿದ್ದರು. ವರ್ಷಗಟ್ಟಲೆ ಆ ವಾಸನೆಯ ನಡುವೆಯೇ ಬುತ್ತಿ ಬಿಚ್ಚಿ ಉಂಡವಳು ನಾನು. ಬೇರೆಯವರಿಗೆ ಅದರಿಂದ ಏನು ನೆನಪಾಗುತ್ತದೋ ಗೊತ್ತಿಲ್ಲ, ನನಗೆ ಮಾತ್ರ ಆ ಒಂದು ಮುಂಗಾರು ನೆನಪಾಗಿ ಮೈಯೆಲ್ಲ ಜಗಳಕ್ಕೆ ತಯಾರಾಗುತ್ತದೆ.

ನಾನು ಸೈಟಿನ ಕೆಲಸ ಬಿಟ್ಟ ವರ್ಷದ ಮುಂಗಾರು ಅದು. ‘ಗಿರಿಜಾ ಬಿಸಿಲು ತಡೆಯಲಾರದೆ ಬಿಟ್ಟಳು’ ಎಂದು ನಮ್ಮ ಬಳಗವೆಲ್ಲ ಸೇರಿ ತೀರ್ಪು ಕೊಟ್ಟ ವರ್ಷ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಬಿಸಿಲು ನನಗೆ ಏನೂ ಮಾಡಿರಲಿಲ್ಲ. ಹೊನ್ನಾಳಿಯ ಏಪ್ರಿಲ್ ಬಿಸಿಲಿನಲ್ಲಿ ತಲೆಗೆ ಟವೆಲು ಸುತ್ತಿಕೊಂಡು ಸ್ಲ್ಯಾಬಿನ ಕಬ್ಬಿಣ ಎಣಿಸಿದವಳಿಗೆ ಬಿಸಿಲಿನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಒಂದು ನಗೆಯ ಮೇಲೆ.

ನಮ್ಮಪ್ಪಾಜಿ ಹಾಲೇಶಪ್ಪ ಸೆಂಟ್ರಿಂಗ್ ಮೇಸ್ತ್ರಿ. ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟು, ಹಾಕುವ ಮುಂಚೆ ಕೆಳಗಿನಿಂದ ಹಲಗೆ ಹೊಡೆದು, ಕಂಬ ಕೊಟ್ಟು, ಹಸಿ ಕಾಂಕ್ರೀಟು ಕುಸಿಯದಂತೆ ಹಿಡಿದು ನಿಲ್ಲಿಸುವುದು ಅವರ ಕಸುಬು. ನನ್ನನ್ನು ಸಿವಿಲ್ ಇಂಜಿನಿಯರಿಂಗ್ ಓದಿಸಿದ್ದು ಆ ಹಲಗೆಗಳೇ. ಓದು ಮುಗಿದ ಮೇಲೆ, ಅವರಿಗೆ ಕೆಲಸ ಕೊಡುತ್ತಿದ್ದ ಚನ್ನಗಿರಿಯ ಕಂಟ್ರಾಕ್ಟರ್ ರುದ್ರಣ್ಣನ ಹತ್ತಿರವೇ ನನ್ನನ್ನೂ ಸೈಟ್ ಇಂಜಿನಿಯರಾಗಿ ಸೇರಿಸಿದರು. ‘ಮಗಳು ಪ್ಲಾನು ಓದ್ತಾಳೆ, ನಾನು ಹಲಗೆ ಹೊಡಿತೀನಿ’ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಆ ಮಾತು ಹೇಳುವಾಗ ಅವರ ಮುಖ ನೋಡುವುದೇ ನನಗೊಂದು ಸಂಭ್ರಮ.

ಸೈಟಿನಲ್ಲಿ ನನಗೆ ಹಿಡಿಸಿದ್ದು ಕಾಂಕ್ರೀಟಿಗಿಂತ ಅದರ ಹಿಂದಿನ ಲೆಕ್ಕ. ಯಾವ ಮೋಲ್ಡು ಎಷ್ಟು ಹೊತ್ತಿಗೆ ಮುಗಿಯಿತು, ಮಳೆ ಬಂದಿತ್ತೇ, ಆಳೆಷ್ಟು, ಜಲ್ಲಿ ಯಾವಾಗ ಬಂತು, ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಸೇರಿಸುತ್ತ ಹೋದೆ. ಯಾರೂ ಹೇಳಿರಲಿಲ್ಲ. ಸಂಜೆ ಅದನ್ನು ಹಿಂದೆ ಮುಂದೆ ಮಾಡಿ ನೋಡುತ್ತ ಕೂತರೆ ಊಟದ ನೆನಪಿರುತ್ತಿರಲಿಲ್ಲ. ಆ ವರ್ಷ ಸವಳಂಗದಲ್ಲಿ ನಮ್ಮದೊಂದು ಕಟ್ಟಡ ನಡೆಯುತ್ತಿತ್ತು. ಪ್ರತಿ ಮೋಲ್ಡೂ ತಡ. ‘ನಿನ್ನ ಹುಡುಗ್ರು ಸೋಮಾರಿಗಳು’ ಎಂದು ರುದ್ರಣ್ಣ ಪ್ರತಿ ಸಲ ಅಪ್ಪಾಜಿಯನ್ನು ಎಲ್ಲರೆದುರಿಗೆ ಬೈಯುತ್ತಿದ್ದ. ನನ್ನ ಲೆಕ್ಕ ಬೇರೆಯೇ ಹೇಳುತ್ತಿತ್ತು. ಹಲಗೆ ಯಾವತ್ತೂ ಮೊದಲೇ ತಯಾರಿರುತ್ತಿತ್ತು. ತಡವಾಗುತ್ತಿದ್ದದ್ದು ಜಲ್ಲಿಯ ಲಾರಿ. ರುದ್ರಣ್ಣ ಒಂದೇ ಲಾರಿಯನ್ನು ಹೊನ್ನಾಳಿ ಸೈಟಿಗೂ ಸವಳಂಗಕ್ಕೂ ತಿರುಗಿಸುತ್ತಿದ್ದ.

ಒಂದು ಮಧ್ಯಾಹ್ನ ಕೆಲಸದವರೆಲ್ಲ ಟೀ ಕುಡಿಯುತ್ತ ಕೂತಿದ್ದಾಗ ಲ್ಯಾಪ್‌ಟಾಪ್ ತೆರೆದು ಅವನಿಗೆ ತೋರಿಸಿದೆ. ಅವನು ಕನ್ನಡಕ ಏರಿಸಿ ಕೆಂಪು, ನೀಲಿ ಗೆರೆಗಳನ್ನು ನೋಡಿದ.

‘ಏನವ್ವ ಗಿರಿಜಾ, ಇನ್ಮ್ಯಾಲೆ ಕಂಪ್ಯೂಟರ್‌ನಾಗೇ ಮೋಲ್ಡ್ ಹಾಕ್ತೀಯೇನು?’ ಎಂದ.

ಎಲ್ಲರೂ ನಕ್ಕರು. ಅಪ್ಪಾಜಿಯೂ ನಕ್ಕರು. ಯಾರ ಪರವಾಗಿ ಆ ಲೆಕ್ಕ ಮಾಡಿದ್ದೆನೋ ಅವರೇ, ಧಣಿ ನಕ್ಕನಲ್ಲ ಎಂದು, ಟೀ ಲೋಟ ಕೈಯಲ್ಲಿ ಹಿಡಿದು ನಕ್ಕರು. ನನಗೆ ಅದು ತಡೆಯಲಾಗಲಿಲ್ಲ. ಆ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ, ಡೇಟಾ ಅನಾಲಿಟಿಕ್ಸ್ ಕಲಿಯುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಅವ್ವ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ಅಪ್ಪಾಜಿ ಮಾತ್ರ ಗೋಡೆಗೆ ಹೇಳಿದಂತೆ ಹೇಳಿದರು, ‘ಇಂಜಿನಿಯರ್ ಅಂತ ಊರೆಲ್ಲ ಹೇಳ್ಕೊಂಡು ತಿರುಗೀನಿ. ಈಗ ಟೈಪ್ ಹೊಡಿಯಾಕೆ ಹೋಗ್ತಾಳೆ ಅನ್ನಲೇನು? ನನ್ನ ಕಣ್ಮುಂದೆ ಇದು ಬ್ಯಾಡ.’

ಅವರ ಕಣ್ಮುಂದಿನಿಂದ ನಾನು ಹೋದದ್ದು ಸೊಕ್ಕೆಗೆ. ಜಗಳೂರು ತಾಲ್ಲೂಕಿನ ಊರು, ಅಲ್ಲಿ ನನ್ನ ಸೋದರತ್ತೆ ಶಾಂತಮ್ಮ ಇದ್ದಳು. ಮಾವ ತೀರಿಕೊಂಡ ಮೇಲೆ ಬೆದ್ದಲು ಹೊಲವನ್ನು ಒಂದು ಜೊತೆ ಎತ್ತು, ಒಬ್ಬ ಆಳಿನ ಬಲದಲ್ಲಿ ತಾನೇ ನೋಡಿಕೊಳ್ಳುತ್ತಿದ್ದ ಗಟ್ಟಿಗಿತ್ತಿ. ‘ಬಾರೆ, ನಂಗೂ ಬೀಜ ಹಾಕಾಕೆ ಒಂದಾಳು ಸಿಕ್ಕಂಗಾತು’ ಎಂದು ಬ್ಯಾಗು ಇಸಿದುಕೊಂಡಳು. ಕರಾರು ಅಷ್ಟೇ. ಬೆಳಿಗ್ಗೆ ಅವಳ ಹೊಲ, ಆಮೇಲೆ ನನ್ನ ಪಾಠ. ಕೆಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಮಾಳಿಗೆ ಹತ್ತಿ ಬೇವಿನ ನೆರಳಲ್ಲಿ ಕೂತರೆ ಸಿಗುತ್ತಿತ್ತು. ಜಗಳೂರಿನ ಗಾಳಿ ಗೊತ್ತಲ್ಲ, ಹಾಳೆ ಹಾರಿಸುತ್ತದೆ, ದೂಳು ತಂದು ಲ್ಯಾಪ್‌ಟಾಪಿನ ಗುಂಡಿಗಳ ಸಂದಿಗೆ ತುಂಬುತ್ತದೆ. ಬಿಸಿಲಿಗೆ ಹೆದರಿ ಓಡಿದವಳು ಎಂದರಲ್ಲ, ಅವರನ್ನೆಲ್ಲ ಕರೆದು ಆ ಮಾಳಿಗೆಯ ಮೇಲೆ ಒಂದು ಗಳಿಗೆ ಕೂರಿಸಬೇಕಿತ್ತು.

‘ಅದೇನು ಅದು ನೀನು ಕಲಿಯೋದು?’ ಎಂದು ಅತ್ತೆ ಒಮ್ಮೆ ಕೇಳಿದಳು.

‘ರಾಶಿ ಲೆಕ್ಕ ಮುಂದಿಟ್ಕೊಂಡು, ಇದು ಯಾಕೆ ಹಿಂಗೈತೆ, ಅದು ಯಾಕೆ ಹಂಗೈತೆ ಅಂತ ಕೇಳೋದು ಅತ್ತೆ.’

‘ಅಂದ್ರೆ ಊರ ಉಸಾಬರಿ. ಅದಕ್ಕೆ ಸಂಬಳ ಬ್ಯಾರೆ ಕೊಡ್ತಾರೇನೆ? ಮೊದ್ಲೇ ಗೊತ್ತಿದ್ರೆ ನಾನು ಇಷ್ಟೊತ್ತಿಗೆ ಸಾವ್ಕಾರ್ತಿ ಆಗ್ತಿದ್ದೆ’ ಎಂದು ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಆ ನಗೆ ನನಗೆ ಚುಚ್ಚಲಿಲ್ಲ.

ಮಳೆ ತಡವಾಗಿ ಬಂತು. ಒಂದು ಭಾನುವಾರ ಮಧ್ಯಾಹ್ನದ ಮೇಲೆ ಸುರಿದು ಕೆಂಪು ಮಣ್ಣಿಗೆ ಒಳ್ಳೆ ಹದ ಬಿತ್ತು. ಮರುದಿನ ನಾನು ಬೆಳಗಾಗುವುದರೊಳಗೆ ಎದ್ದು ಮೆಕ್ಕೆಜೋಳದ ಬೀಜ ತೆಗೆದಿಟ್ಟು ಕಾದೆ. ಅತ್ತೆ ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಒಳಗೆ ಬಂದಳು.

‘ಬಿತ್ತಾಕೆ ಕೂರಿಗೆ ಹೂಡಲ್ಲೇನು?’ ಎಂದೆ.

‘ಸೋಮವಾರ ಅಲ್ಲೇನೆ. ಬಸವಣ್ಣನ ವಾರ. ಎತ್ತಿನ ಹೆಗಲ ಮ್ಯಾಲೆ ನೊಗ ಇಡಂಗಿಲ್ಲ.’

‘ಹದ ಆರಿ ಹೋಗ್ತೈತೆ ಅತ್ತೆ! ಈ ಗಾಳಿಗೆ ನಾಳೆವರೆಗೂ ಎಲ್ಲಿ ತಡಿತೈತೆ?’

‘ಆರಿದ್ರೆ ಆರ್ಲಿ. ವಾರವೆಲ್ಲ ದುಡಿತಾವೆ, ಅವಕ್ಕೂ ಒಂದಿನ ಬ್ಯಾಡೇನು?’ ಎಂದು ಅಕ್ಕಿ ಆರಿಸಲು ಕೂತಳು. ನಾನು ನ್ಯಾಮತಿಯವಳು, ಸೋಮವಾರದ ವಿಚಾರ ತಿಳಿಯದ್ದೇನಲ್ಲ. ಆದರೆ ಹೊಲದ ಹದ ಕಣ್ಣೆದುರೇ ಆರುತ್ತಿದ್ದರೂ ಇಡೀ ಊರು ಹಾಯಾಗಿ ಕೂತದ್ದನ್ನು ನೋಡಿದ್ದು ಅದೇ ಮೊದಲು. ಸಿಟ್ಟಿನಲ್ಲಿ ಮಾಳಿಗೆ ಹತ್ತಿದೆ. ಅಲ್ಲಿಂದ ಕಾಣುವಷ್ಟು ದೂರ ಯಾವ ಹೊಲದಲ್ಲೂ ಒಂದು ನರಪಿಳ್ಳೆ ಇರಲಿಲ್ಲ.

ಕಲಿತು ಮುಗಿಸಿ ಅರ್ಜಿ ಹಾಕತೊಡಗಿದ ಮೇಲೆ ಕತೆ ಬೇರೆಯಾಯಿತು. ಕೆಲವರು ಉತ್ತರವನ್ನೇ ಕೊಡಲಿಲ್ಲ. ಒಬ್ಬರು ‘ಸಿವಿಲ್ ಓದಿ ಇಲ್ಲಿಗ್ಯಾಕೆ ಬರ್ತೀರಿ?’ ಎಂದರು. ಇನ್ನೊಬ್ಬರಿಗೆ ನನ್ನ ಕೆಲಸಕ್ಕಿಂತ ನನ್ನ ಮದುವೆ ಯಾವಾಗ ಎನ್ನುವುದರಲ್ಲೇ ಆಸಕ್ತಿ. ನಾನು ಫೋನ್ ಇಟ್ಟುಬಿಟ್ಟೆ. ಅದೇ ಹೊತ್ತಿಗೆ ಅವ್ವ ಫೋನಿನಲ್ಲಿ ದನಿ ತಗ್ಗಿಸಿ ಒಂದು ವಿಷಯ ಹೇಳಿದಳು. ಅಪ್ಪಾಜಿ ರುದ್ರಣ್ಣನಿಗೆ ಮಾತು ಕೊಟ್ಟಿದ್ದರಂತೆ, ದೀಪಾವಳಿಯೊಳಗೆ ಮಗಳಿಗೆ ಬುದ್ಧಿ ಬರುತ್ತದೆ, ಹಬ್ಬ ಕಳೆದ ಮೇಲೆ ಸೈಟಿಗೆ ಕಳಿಸುತ್ತೇನೆ ಎಂದು. ಅಪ್ಪಾಜಿಯ ಹಲಗೆಗಳಿಗೆಲ್ಲ ಕೆಲಸ ಕೊಡುವವನು ಅವನೇ. ನಾನು ಹೋಗದಿದ್ದರೆ ಅವರ ಕೆಲಸಕ್ಕೂ ಕುತ್ತು. ದೀಪಾವಳಿಯೊಳಗೆ ಏನಾದರೂ ಆಗಲೇಬೇಕಿತ್ತು.

ಶ್ರಾವಣದಲ್ಲಿ ಒಂದು ಕಂಪನಿ ನನಗೆ ಪರೀಕ್ಷೆಯ ಕೆಲಸ ಕೊಟ್ಟಿತು. ಫೋನ್ ಮಾಡಿದರೆ ರೈತರಿಗೆ ಟ್ರ್ಯಾಕ್ಟರ್ ಬಾಡಿಗೆಗೆ ಕಳಿಸುವ ಕಂಪನಿ. ಪ್ರತಿ ಟ್ರ್ಯಾಕ್ಟರಿಗೂ ಅದು ಎಷ್ಟು ಹೊತ್ತು ಓಡಿತು ಎಂದು ತಿಳಿಸುವ ಒಂದು ಪೆಟ್ಟಿಗೆ ಕೂರಿಸಿದ್ದರು. ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಈ ನಾಲ್ಕು ತಾಲ್ಲೂಕಿನ ಹಿಂದಿನ ವರ್ಷದ ಲೆಕ್ಕ ಕಳಿಸಿ, ಮುಂದಿನ ಹಂಗಾಮಿಗೆ ಎಲ್ಲಿ ಎಷ್ಟು ಟ್ರ್ಯಾಕ್ಟರ್ ಬೇಕಾದೀತು ಹೇಳಿ ಎಂದಿದ್ದರು. ಜೊತೆಗೊಂದು ಸೂಚನೆ. ನಡುನಡುವೆ ಸೊನ್ನೆಗಳು ಬರುತ್ತವೆ, ಪೆಟ್ಟಿಗೆ ಕೆಟ್ಟಿರಬಹುದು ಅಥವಾ ಡ್ರೈವರುಗಳು ಅದನ್ನು ಬಿಚ್ಚಿಟ್ಟು ಕದ್ದು ಬಾಡಿಗೆ ಹೊಡೆಯುತ್ತಿರಬಹುದು, ಅಲ್ಲೆಲ್ಲ ಸರಾಸರಿ ತುಂಬಿ ಮುಂದುವರಿಯಿರಿ.

ಸೊನ್ನೆಗಳನ್ನು ವಾರದ ಪ್ರಕಾರ ಜೋಡಿಸಿದೆ. ಜಗಳೂರಿನ ಹಳ್ಳಿಗಳಲ್ಲಿ ಹೆಚ್ಚುಕಮ್ಮಿ ಎಲ್ಲ ಸೊನ್ನೆಯೂ ಸೋಮವಾರವೇ. ನ್ಯಾಮತಿಯಲ್ಲಿ ಅರ್ಧಂಬರ್ಧ. ಹೊನ್ನಾಳಿ, ಚನ್ನಗಿರಿಯ ನಾಲೆ ಬಯಲಲ್ಲಿ ಇಲ್ಲವೇ ಇಲ್ಲ ಎನ್ನಬೇಕು. ಮೊದಲು ನಗು ಬಂತು. ಆಮೇಲೆ ‘ಕದ್ದು ಬಾಡಿಗೆ’ ಎನ್ನುವ ಮಾತನ್ನು ಇನ್ನೊಮ್ಮೆ ಓದಿದೆ, ಸವಳಂಗದ ಸೈಟು ನೆನಪಾಯಿತು, ಮೈ ಉರಿಯಿತು.

ಉತ್ತರ ಕಳಿಸಲು ಇನ್ನೂ ಸಮಯವಿತ್ತು. ಮುಂದಿನ ಸೋಮವಾರ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಜಗಳೂರಿನ ಹತ್ತಿರ ರಸ್ತೆ ಬದಿಯಲ್ಲಿ ಅದೇ ಕಂಪನಿಯ ಟ್ರ್ಯಾಕ್ಟರ್ ನಿಂತಿತ್ತು. ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ, ಸಿಕ್ಕಿಸಿದ ಸೇವಂತಿಗೆ, ಪಕ್ಕದ ಕಟ್ಟೆಯ ಮೇಲೆ ಡ್ರೈವರು ಕಾಲು ಚಾಚಿ ಕೂತಿದ್ದ. ಇಳಿದು ಹೋಗಿ ಮಾತಾಡಿಸಿದೆ.

‘ಇವತ್ತು ಬಾಡಿಗೆಗೆ ಬರಲ್ಲೇನಣ್ಣ?’

‘ಸೋಮವಾರ ಐತಲ್ಲಕ್ಕ.’

‘ಇದೇನು ಎತ್ತಾ?’

‘ಎತ್ತಿನ ಕೆಲ್ಸಾನೇ ಮಾಡ್ತೈತಲ್ಲ! ನಾನು ಹೋಗ್ತೀನಂದ್ರೂ ಹೊಲದೋರು ಕರಿಯಾಂಗಿಲ್ಲ. ಇದನ್ನ ಕಂಪನಿಯೋರಿಗೆ ಹೆಂಗೆ ಹೇಳಾಕೆ ಬರ್ತೈತೆ? ಪೆಟ್ಟಿಗೆ ಯಾಕೆ ಬಿಚ್ಚಿಟ್ಟಿ ಅಂತ ಫೋನ್ ಮಾಡಿ ಬೈತಾರೆ. ಎರಡು ಸಲ ಹೊಸ ಪೆಟ್ಟಿಗೆ ಹಾಕ್ಯಾರೆ. ಅದಕ್ಕೂ ಸೋಮವಾರ ರಜ!’

ಅಲ್ಲಿಂದ ದಾವಣಗೆರೆ, ದಾವಣಗೆರೆಯಿಂದ ಹೊನ್ನಾಳಿ. ಹೊನ್ನಾಳಿಯ ಕಡೆ ಬಂದಂತೆ ನಾಲೆಯ ಕೆಳಗಿನ ಗದ್ದೆಗಳಲ್ಲಿ ಟ್ರ್ಯಾಕ್ಟರುಗಳು ಕೆಸರು ಹಾರಿಸುತ್ತ ಓಡುತ್ತಿದ್ದವು. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸನ್ನು ಕೇಳಿದರೆ, ‘ನಾಲೆ ನೀರು ಸೋಮವಾರ ಅಂತ ನಿಲ್ತೈತೇನ್ರಿ? ಬಿಟ್ಟಾಗ ನಾಟಿ ಮಾಡ್ಬೇಕು’ ಎಂದರು. ಚನ್ನಗಿರಿಯ ಬಯಲಿನದೂ ಇದೇ ಪಾಡು. ಸೈಟಿಗೆಂದು ಅಲೆದ ಜಾಗ, ಹೋಗಿ ನೋಡುವ ಅಗತ್ಯವಿರಲಿಲ್ಲ.

ಸಂಜೆ ನ್ಯಾಮತಿಯ ಮನೆಗೆ ಹೋದೆ. ಅಪ್ಪಾಜಿ ಊಟಕ್ಕೆ ಕೂತಿದ್ದರು. ಮೂರು ತಿಂಗಳ ಮೇಲೆ ಕಂಡ ಮಗಳನ್ನು ‘ಬಂದ್ಯಾ’ ಎಂದೂ ಕೇಳಲಿಲ್ಲ.

‘ರುದ್ರಣ್ಣೋರಿಗೆ ಮಾತು ಕೊಟ್ಟೀನಿ’ ಎಂದರು.

‘ಕೊಟ್ಟೋರು ನೀವು ಅಪ್ಪಾಜಿ, ನಾನಲ್ಲ.’

‘ಎಲ್ಡೂ ಒಂದೇ.’

‘ಒಂದಲ್ಲ’ ಎಂದೆ. ಆಮೇಲೆ ತಡೆಯಲಾರದೆ ಎಲ್ಲವನ್ನೂ ಹೇಳಿದೆ. ವಿಭೂತಿ ಹಚ್ಚಿಕೊಂಡ ಟ್ರ್ಯಾಕ್ಟರು, ಪೆಟ್ಟಿಗೆ, ಬೈಸಿಕೊಳ್ಳುವ ಡ್ರೈವರು. ‘ಸವಳಂಗದಾಗೆ ನಿಮ್ಮ ಹುಡುಗ್ರ ಮ್ಯಾಲೆ ತಪ್ಪು ಹಾಕಿದ್ರಲ್ಲ, ಹಂಗೇ ಇದೂ. ಅವತ್ತು ನಾನು ಲೆಕ್ಕ ತೋರ್ಸಿದ್ದು ನಿಮಗೋಸ್ಕರ. ನೀವೂ ನಕ್ರಿ.’

ಅಪ್ಪಾಜಿ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೊರಗೆ ಹೋದರು. ಅವ್ವ ನನಗೆ ಅನ್ನ ಬಡಿಸಿದಳು. ಹೊಟ್ಟೆ ತುಂಬ ಉಂಡೆ, ಯಾಕೆಂದರೆ ಬೆಳಗಿನಿಂದ ಏನೂ ತಿಂದಿರಲಿಲ್ಲ.

ಸೊಕ್ಕೆಗೆ ಮರಳಿ, ಸೊನ್ನೆಗಳನ್ನು ಇದ್ದಂತೆಯೇ ಬಿಟ್ಟು ಉತ್ತರ ಕಳಿಸಿದೆ. ಕಂಪನಿಯವರ ಜೊತೆ ವಿಡಿಯೊದಲ್ಲಿ ಮಾತು ನಡೆದದ್ದು ಅತ್ತೆಯ ಮಾಳಿಗೆಯಲ್ಲೇ. ಆ ಕಡೆ ಇಬ್ಬರು, ಒಬ್ಬ ಚುರುಕಿನ ಯುವಕ, ಒಬ್ಬರು ನಡುವಯಸ್ಸಿನ ಮೇಡಂ. ಯುವಕ ನನ್ನ ಕೆಲಸ ನೋಡುತ್ತ ಹುಬ್ಬು ಗಂಟಿಕ್ಕಿದ.

‘ಸೊನ್ನೆ ಇರೋ ಕಡೆ ಸರಾಸರಿ ತುಂಬಿ ಅಂತ ಸ್ಪಷ್ಟವಾಗಿ ಹೇಳಿದ್ವಲ್ಲ?’

‘ಅವು ನಿಜವಾದ ಸೊನ್ನೆ ಸರ್. ಟ್ರ್ಯಾಕ್ಟರ್ ಓಡಿಲ್ಲ, ಓಡೋದೂ ಇಲ್ಲ’ ಎಂದು ಸೋಮವಾರದ ವಿಚಾರ ವಿವರಿಸಿದೆ. ‘ನೀವು ಸರಾಸರಿ ತುಂಬಿದರೆ ಜಗಳೂರಲ್ಲಿ ಸೋಮವಾರ ಸುಮ್ಮನೆ ಗಾಡಿ ನಿಲ್ಲಿಸಿಕೊಂಡು ಕೂರುತ್ತೀರಿ. ಅದೇ ಗಾಡಿಯನ್ನು ಅವತ್ತು ಹೊನ್ನಾಳಿ ನಾಲೆ ಬಯಲಿಗೆ ಕಳಿಸಬಹುದು.’

‘ಟ್ರ್ಯಾಕ್ಟರಿಗೆ ವಾರದ ರಜಾನಾ? ನಮ್ಮ ತಂಡ ಒಂದು ವರ್ಷದಿಂದ ಇದನ್ನು ಯಂತ್ರದ ದೋಷ ಅಂತಲೇ ನೋಡ್ತಿದೆ. ಪರೀಕ್ಷೆಯಲ್ಲಿ ನಾವು ನೋಡೋದು, ಹೇಳಿದ್ದನ್ನು ಹೇಳಿದ ಹಾಗೆ ಮಾಡ್ತೀರಾ ಅಂತ.’

ಅತ್ತೆ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕೆಲಸ ಬೇಕಿತ್ತು, ಎಷ್ಟು ಬೇಕಿತ್ತು ಎಂದು ನನಗೊಬ್ಬಳಿಗೇ ಗೊತ್ತು. ಸರಾಸರಿ ತುಂಬಿ ಕಳಿಸುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು.

‘ಸುಳ್ಳು ತುಂಬಿ ಕೊಡೋರು ಬೇಕಿದ್ರೆ ನಾನು ಆಗಲ್ಲ ಸರ್’ ಎಂದೆ. ‘ಆ ಡ್ರೈವರುಗಳು ಕಳ್ಳರಲ್ಲ. ಬರೋ ಸೋಮವಾರ ನೀವೇ ಬಂದು ನೋಡಿ.’

ಮೇಡಂ ಏನೋ ಬರೆದುಕೊಂಡರು. ‘ತಿಳಿಸುತ್ತೇವೆ’ ಎಂದರು. ತಿಳಿಸುತ್ತೇವೆ ಎಂದರೆ ಏನು ಎನ್ನುವುದು ಅಷ್ಟೊತ್ತಿಗೆ ನನಗೆ ಬಾಯಿಪಾಠವಾಗಿತ್ತು. ಅತ್ತೆ ಮೇಲೆ ಬಂದು ಪಕ್ಕದಲ್ಲಿ ಕೂತು, ‘ಕೆಲ್ಸ ಹೋದ್ರೆ ಹೋಗ್ಲಿ ಬಿಡು, ಬಸವಣ್ಣನ ಪರವಾಗಿ ಮಾತಾಡಿದ್ಯಲ್ಲ’ ಎಂದಳು. ನನಗೆ ಬಸವಣ್ಣನ ಮೇಲೂ ಸಿಟ್ಟು ಬಂತು. ಅತ್ತು ಬಿಟ್ಟೆ.

ದಸರಾ ಕಳೆಯಿತು, ಮೆಕ್ಕೆಜೋಳ ಮುರಿದದ್ದಾಯಿತು, ಉತ್ತರ ಬರಲಿಲ್ಲ. ದೀಪಾವಳಿಗೆ ನ್ಯಾಮತಿಗೆ ಬಂದೆ. ಹಬ್ಬದ ದಿನ ಮಧ್ಯಾಹ್ನ ರುದ್ರಣ್ಣ ಸಿಹಿ ಡಬ್ಬಿ ಹಿಡಿದು ಮನೆಗೇ ಬಂದ. ಅಪ್ಪಾಜಿ ಅವನಿಗೆ ಕುರ್ಚಿ ಹಾಕಿ ತಾವು ಬಾಗಿಲ ಹತ್ತಿರ ನಿಂತರು.

‘ಏನವ್ವ, ಆರಾಮಾ? ನಾಡಿದ್ದಿಂದ ಹೊನ್ನಾಳಿ ಸೈಟಿಗೆ ಬಂದ್ಬಿಡು. ಆಗಿದ್ದಾತು, ನಾನೇನು ಮನಸ್ಸಿನಾಗೆ ಇಟ್ಕೊಂಡಿಲ್ಲ.’

‘ಬರಲ್ಲ ರೀ.’

‘ಓಹೋ, ಕೆಲ್ಸ ಸಿಕ್ತೇನು?’

‘ಇಲ್ಲ.’

‘ಮತ್ತೆ?’

‘ಸಿಗದಿದ್ರೂ ಬರಲ್ಲ.’

ರುದ್ರಣ್ಣ ಡಬ್ಬಿಯನ್ನು ತೊಡೆಯ ಮೇಲಿಂದ ಕೆಳಗಿಟ್ಟ. ನನ್ನನ್ನು ಬಿಟ್ಟು ಅಪ್ಪಾಜಿಯ ಕಡೆ ತಿರುಗಿದ. ‘ಏನಪ್ಪ ಹಾಲೇಶಪ್ಪ? ನಿನ್ನ ಮಾತಿಗೆ ನಿನ್ನ ಮನ್ಯಾಗೇ ಬೆಲೆ ಇಲ್ಲಲ್ಲೋ!’

ಅಪ್ಪಾಜಿ ನಗುತ್ತಾರೆ ಎಂದುಕೊಂಡೆ. ನಕ್ಕರೆ ಈ ಮನೆಗೆ ಇನ್ನು ಕಾಲಿಡಬಾರದು ಎಂದೂ ಅಂದುಕೊಂಡೆ. ಅವರು ನಗಲಿಲ್ಲ.

‘ಮಾತು ಕೊಟ್ಟೋನು ನಾನು ರೀ. ನಾನು ಬರ್ತೀನಿ. ಅವಳು ಬರಾಂಗಿಲ್ಲ.’ ಒಂದು ಹೆಜ್ಜೆ ಒಳಗೆ ಬಂದು ಅಂದರು, ‘ಇನ್ನೊಂದು ಮಾತು. ಸವಳಂಗದಾಗೆ ತಡ ಆಗಿದ್ದು ನನ್ನ ಹುಡುಗ್ರಿಂದ ಅಲ್ಲ. ಲಾರಿ ಬರ್ತಿರಲಿಲ್ಲ. ಅವಳು ಅವತ್ತೇ ತೋರ್ಸಿದ್ಲು.’

ರುದ್ರಣ್ಣ ಟೀ ಕುಡಿಯದೆ ಎದ್ದು ಹೋದ. ಆ ಮಾತಿನ ಬೆಲೆಯನ್ನು ಅಪ್ಪಾಜಿ ಕೊಟ್ಟರು. ಬೇಸಿಗೆಯವರೆಗೂ ಅವನಿಂದ ಒಂದು ಕೆಲಸವೂ ಬರಲಿಲ್ಲ. ಹಲಗೆಗಳು ಹಿತ್ತಲಲ್ಲಿ ಒಟ್ಟಿ ಬಿದ್ದಿದ್ದವು, ಅವರು ಸಣ್ಣಪುಟ್ಟ ಮನೆಗಳ ಕೆಲಸ ಹುಡುಕಿಕೊಂಡು ಹೋದರು. ನನಗೆ ಅದು ಸಂಕಟವಾಗುತ್ತಿತ್ತು, ಆದರೆ ಹಿಂದೆ ಸರಿಯಬೇಕು ಎಂದು ಒಮ್ಮೆಯೂ ಅನಿಸಲಿಲ್ಲ.

ಹಬ್ಬ ಕಳೆದು ಕೆಲವು ದಿನಕ್ಕೆ ಆ ಮೇಡಂ ಫೋನ್ ಮಾಡಿದರು. ‘ನಮ್ಮ ಹುಡುಗನನ್ನು ಎರಡು ಸೋಮವಾರ ಜಗಳೂರಿನ ಕಡೆ ಕಳಿಸಿದ್ದೆ ಗಿರಿಜಾ. ಒಂದು ಗಾಡಿಯೂ ಓಡಲಿಲ್ಲವಂತೆ. ನೀವು ಯಾವಾಗ ಸೇರ್ತೀರಿ?’

‘ಯಾವಾಗಲಾದರೂ ಸೇರುತ್ತೇನೆ ಮೇಡಂ. ಆದರೆ ಡ್ರೈವರುಗಳಿಗೆ ಫೋನ್ ಮಾಡಿ ಬೈಯೋದು ಮೊದಲು ನಿಲ್ಲಬೇಕು’ ಎಂದೆ. ಅವರು ನಕ್ಕರು, ನಿಲ್ಲಿಸಿದ್ದೇವೆ ಎಂದರು. ಅಲ್ಲೇ ಈಗ ನಾಲ್ಕನೇ ವರ್ಷ ನಡೆಯುತ್ತಿದೆ.

ಹೋದ ತಿಂಗಳು ವಾಸನೆ ಮೂಗಿಗೆ ಬಡಿಯಿತು ಎಂದೆನಲ್ಲ, ಆ ಕಟ್ಟಡದ ಕಂಟ್ರಾಕ್ಟು ರುದ್ರಣ್ಣನದೇ. ಆ ಬೇಸಿಗೆಯಲ್ಲಿ ಬೇರೆ ಮೇಸ್ತ್ರಿ ಹೊಡೆದ ಹಲಗೆ ಸಂದು ಬಿಟ್ಟು ಚನ್ನಗಿರಿಯಲ್ಲಿ ಒಂದು ಮೋಲ್ಡು ಸೋರಿದ ಮೇಲೆ ಅವನೇ ಅಪ್ಪಾಜಿಗೆ ಫೋನ್ ಮಾಡಿದ್ದ. ನಾನು ಏಣಿ ಹತ್ತಿ ಮೇಲೆ ಹೋದೆ. ನಡುಮಧ್ಯಾಹ್ನ. ಹೊಸ ಸ್ಲ್ಯಾಬಿನ ಮೇಲೆ ಸಿಮೆಂಟಿನ ಚಿಕ್ಕ ಚಿಕ್ಕ ಬದು ಕಟ್ಟಿ ನೀರು ನಿಲ್ಲಿಸಿದ್ದರು. ಅಪ್ಪಾಜಿ ಒಂದು ಕಡೆ ಪೈಪು ಹಿಡಿದಿದ್ದರು, ರುದ್ರಣ್ಣ ಮೂಲೆಗೆ ಕಟ್ಟಿದ ಟಾರ್ಪಾಲಿನ ನೆರಳಲ್ಲಿ ಕುರ್ಚಿ ಹಾಕಿಕೊಂಡಿದ್ದ.

‘ಏನವ್ವ, ಏಸಿ ಬಿಟ್ಟು ಬಿಸಿಲಿಗೆ ಬಂದಿ?’

ನಾನು ಸ್ಲ್ಯಾಬಿನ ಉದ್ದಕ್ಕೂ ನಡೆದು ನೋಡಿದೆ. ಬಡಗಣ ಮೂಲೆಯಲ್ಲಿ ಬದು ಒಡೆದು ನೀರು ಹರಿದುಹೋಗಿತ್ತು. ಕಾಂಕ್ರೀಟು ಬೆಳ್ಳಗೆ ಒಣಗಿತ್ತು.

‘ಆ ಮೂಲೆ ಒಣಗೈತೆ ನೋಡ್ರಿ. ನೀರು ಹಾಕ್ಸದಿದ್ರೆ ಬಿರುಕು ಬಿಡ್ತೈತೆ.’

ರುದ್ರಣ್ಣ ಕೂತಲ್ಲಿಂದಲೇ ನಕ್ಕ. ‘ಇಂಜಿನಿಯರಿಂಗ್ ಬಿಟ್ರೂ ದರ್ಬಾರು ಬಿಟ್ಟಿಲ್ಲಲ್ಲವ್ವ!’

‘ನಾನು ಬಿಟ್ಟಿದ್ದು ನಿಮ್ಮನ್ನ ರೀ’ ಎಂದೆ. ‘ಕಲ್ತಿದ್ದನ್ನಲ್ಲ.’

ಅಪ್ಪಾಜಿ ಧಣಿಯ ಮುಖ ನೋಡದೆ, ಪೈಪು ಎಳೆದುಕೊಂಡು ಸೀದಾ ಆ ಮೂಲೆಗೆ ನಡೆದರು.